ಗುಲಾಬಿ ಬಣ್ಣದ ಸೀಸೆಗಳು

ಝುಲ್ಮೀರಾ ನಮ್ಮ ಮೇಲಿನ ಮಹಡಿಯವಳು. ನಮ್ಮ ಬ್ರಾಗಾ ಊರಿನ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಸಾಕುವುದು ಅವಳ ಕೆಲಸ. ಸಾಕುವುದು ಎಂದೇ ಅವಳು ಹೇಳುವುದು: ಹೊತ್ತಿಗೆ ಆಹಾರ, ಹದವಾದ ಬಿಸಿ, ಒಂದು ಕ್ರಿಮಿಯೂ ಸೋಕದಂತೆ ಕಾವಲು. ಕೂತಲ್ಲಿ ಕೂರುವ ಹೆಂಗಸಲ್ಲ. ನನ್ನ ಅಡುಗೆಮನೆಗೆ ಬಂದರೆ ಸೂಪಿನ ಬಟ್ಟಲು ಹಿಡಿದು ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಮಾತಾಡುತ್ತಾಳೆ. ನಾನು ಕೋಸು ಹೆಚ್ಚುತ್ತ ಕೇಳುತ್ತೇನೆ. ನನಗೆ ತಿಳಿದಿರುವುದೆಲ್ಲ ಹಾಗೆ ಕೇಳಿದ್ದೇ.

ಕ್ಯಾನ್ಸರ್ ಕೋಶ ಸಕ್ಕರೆಯನ್ನು ಬಕಬಕನೆ ತಿನ್ನುತ್ತದಂತೆ. ತಿಂದದ್ದು ಒಳಗೆ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮೊಸರನ್ನು ಹುಳಿ ಮಾಡುವುದೂ ಅದೇ. ಆ ಹುಳಿ ಒಳಗೇ ಉಳಿದರೆ ಕೋಶಕ್ಕೆ ಉಳಿಗಾಲವಿಲ್ಲ. ಅದಕ್ಕೇ ಅದರ ಮೈಯಲ್ಲಿ ಪ್ರೊಟೀನಿನ ಪುಟ್ಟ ಬಾಗಿಲುಗಳಿದ್ದು, ಹುಳಿಯನ್ನು ಹೊರಗೆ ಸಾಗಿಸುತ್ತವೆ. ಹೊರಬಿದ್ದ ಹುಳಿ ಅಕ್ಕಪಕ್ಕದ ಒಳ್ಳೆಯ ಕೋಶಗಳನ್ನು ಕೆಡಿಸಿ, ಗಡ್ಡೆ ಹರಡಲು ಜಾಗ ಬಿಡಿಸಿಕೊಡುತ್ತದೆ. ಆ ಬಾಗಿಲು ಮುಚ್ಚುವ ಮದ್ದೊಂದನ್ನು ಅಲ್ಲಿನ ಡಾಕ್ಟರ್ ಟೆಲ್ಮಾ ಎಂಬ ಹುಡುಗಿ ಪರೀಕ್ಷಿಸುತ್ತಿದ್ದಳು. ಮುಂದಿನ ವಾರ ಪ್ರಯೋಗಾಲಯದ ದೊಡ್ಡವರ ಸಭೆಯಿತ್ತು. ಮದ್ದು ನಾಟುತ್ತದೆಂದು ಅಲ್ಲಿ ತೋರಿಸದಿದ್ದರೆ ಅವಳ ಸಂಶೋಧನೆಯೂ ಮುಗಿಯಿತು, ಅವಳ ಜಾಗವೂ ಹೋಯಿತು.

ಅಂದು ಸಕಲ ಸಂತರ ಹಬ್ಬ, ಸತ್ತವರ ಸಮಾಧಿಗೆ ಹೂವು ದೀಪ ಇಡುವ ದಿನ. ಊರಿಗೆ ಊರೇ ಸ್ಮಶಾನಕ್ಕೆ ಹೊರಟಿತ್ತು. ಟೆಲ್ಮಾ ಕೂಡ ಅಪ್ಪನ ಸಮಾಧಿಗೆ ಮೇಣದ ದೀಪ ಹಚ್ಚಲು ತನ್ನ ಗುಡ್ಡದ ಹಳ್ಳಿಗೆ ಹೋಗಿದ್ದಳು. ನಾನೂ ಝುಲ್ಮೀರಾಳೂ ಸೇವಂತಿಗೆ ಕುಂಡ ಹಿಡಿದು ಹೊರಟಿದ್ದೆವು.

"ಚಿಕ್ಕಮ್ಮ, ಎರಡೇ ನಿಮಿಷ. ಪ್ರಯೋಗಾಲಯಕ್ಕೆ ಹೋಗಿ ನನ್ನ ಮಕ್ಕಳ ಮುಖ ನೋಡ್ಕೊಂಡು ಬರ್ತೀನಿ."

"ನಿನ್ನ ಎರಡು ನಿಮಿಷ ಮುಗಿಯೋದ್ರೊಳಗೆ ಸತ್ತೋರು ಎದ್ದು ಊಟಕ್ಕೆ ಕೂತಿರ್ತಾರೆ," ಎಂದೆ.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಪ್ರಯೋಗಾಲಯದ ತೆರೆದ ಬಾಗಿಲಾಚೆ ಕುರ್ಚಿಯಲ್ಲಿ ಕೂತೆ. ಅವಳು ಕೈಗವಸು ತೊಟ್ಟು ಸೀಸೆಗಳನ್ನು ಹೊರತೆಗೆಯುವಷ್ಟರಲ್ಲಿ ಫೋನು ಬಂತು. ಟೆಲ್ಮಾಳ ದನಿ ನನಗೂ ಕೇಳುತ್ತಿತ್ತು, ಹಿಂದೆ ಇಗರ್ಜಿಯ ಗಂಟೆ.

"ಝುಲ್ಮೀರಕ್ಕ, ಮದ್ದು ಹಾಕಿದ ಸೀಸೆಗಳಲ್ಲಿ ಏನಾದ್ರೂ ಆಗಿದ್ಯಾ?"

"ಏನೂ ಆಗಿಲ್ಲ ಡಾಕ್ಟ್ರಮ್ಮ. ಮದ್ದು ಕುಡಿದೂ ಮದುವೆ ಹೆಣ್ಣಿನ ಥರ ಕಳೆಕಳೆಯಾಗಿವೆ ನಿಮ್ಮ ಮೂರೂ ಸೀಸೆ."

"ಹಂಗಾದ್ರೆ ಬ್ಲೀಚ್ ಹಾಕಿ ಎಸೆದುಬಿಡಕ್ಕ. ನಾಳೆ ಬೇರೆ ಏನಾದ್ರೂ ನೋಡೋಣ," ಎಂದು ಟೆಲ್ಮಾ ಫೋನಿಟ್ಟಳು.

ಝುಲ್ಮೀರಾ ಒಂದಕ್ಕೆ ಸುರಿದಳು, ಎರಡನೆಯದಕ್ಕೂ ಸುರಿದಳು. ನನಗೆ ಕೂತು ಕೂತು ಬೇಸರ.

"ಅದು ಗುಲಾಬಿ, ಆ ಪಕ್ಕದವು ಹಳದಿ. ಯಾಕೆ?"

"ಆ ಹಳದಿ ಇವೆಯಲ್ಲ, ಅವಕ್ಕೆ ಮದ್ದು ಹಾಕಿಲ್ಲ. ಕೋಶ ಮುಳುಗಿರೋ ನೀರು ಗುಲಾಬಿಯಾಗಿದ್ರೆ ಸುಖವಾಗಿವೆ ಅಂತ, ಹಳದಿಯಾದ್ರೆ ನೀರು ಬದಲಾಯಿಸ್ಬೇಕು ಅಂತ. ಇಷ್ಟು ವರ್ಷ ನಾನು ನೋಡಿದ್ದೇ ಹಾಗೆ."

"ಹಳದಿ ಆಗೋದು ಯಾತಕ್ಕೆ?"

"ಅವು ಹುಳಿ ಕಕ್ಕಿದ್ರೆ..."

ಅವಳ ಕೈಯಲ್ಲಿ ಬ್ಲೀಚಿನ ಡಬ್ಬಿ, ಮೂರನೆಯ ಸೀಸೆಯ ಮುಚ್ಚಳ ಅರ್ಧ ತೆರೆದಿತ್ತು.

"ಅಯ್ಯೋ ಚಿಕ್ಕಮ್ಮ! ಇವು ಕಕ್ಕಿಯೇ ಇಲ್ಲ!"

ಮುಚ್ಚಳ ಬಿಗಿದು ಸೀಸೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಗ್ಗಿದವಳು ಬಹಳ ಹೊತ್ತು ಎದ್ದೇಳಲಿಲ್ಲ. ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿರಬೇಕಾದ ಕೋಶಗಳು ಮುದುಡಿ, ಗುಂಡಗಾಗಿ, ನೀರಿನಲ್ಲಿ ತೇಲುತ್ತಿದ್ದವಂತೆ. ಹುಳಿ ಹೊರಬರಲಾಗದೆ ಒಳಗೇ ಸತ್ತಿದ್ದವು.

ತನ್ನ ತಪ್ಪನ್ನು ಮುಚ್ಚಿಡಬಹುದಿತ್ತು. ಎಸೆ ಎಂದವಳು ಟೆಲ್ಮಾಳೇ ತಾನೆ? ಝುಲ್ಮೀರಾ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದಳು, ಕೈಗವಸು ಕಿತ್ತಳು, ಮತ್ತೆ ತೊಟ್ಟಳು. ಕೊನೆಗೆ ಫೋನು ಹಚ್ಚಿದಳು.

"ಡಾಕ್ಟ್ರಮ್ಮ, ತಪ್ಪು ಹೇಳ್ಬಿಟ್ಟೆ. ಬರೀ ನೀರಿನ ಬಣ್ಣ ನೋಡಿ ಹೇಳ್ದೆ. ನಿಮ್ಮ ಮದ್ದು ನಾಟಿದೆ. ಎರಡು ಸೀಸೆ ನನ್ನ ಕೈಯಾರೆ ಹಾಳು ಮಾಡಿದೆ."

"ಮೂರನೇದು?"

"ಇದೆ."

"ಮುಟ್ಬೇಡ. ಬಂದೆ."

ಮಧ್ಯಾಹ್ನ ಕಳೆದ ಮೇಲೆ ಟೆಲ್ಮಾ ಬಂದಳು, ಬೆರಳಿಗೆ ಮೇಣ ಮೆತ್ತಿಕೊಂಡೇ ಇತ್ತು. ನೋಡಿ, "ಸತ್ತಿವೆ ಅಕ್ಕ! ಎಷ್ಟು ಚೆನ್ನಾಗಿ ಸತ್ತಿವೆ!" ಎಂದು ನಕ್ಕಳು. ನಗುತ್ತಲೇ ಮುಖ ಸಣ್ಣದಾಯಿತು. "ಒಂದೇ ಸೀಸೆ ತೋರಿಸಿದ್ರೆ ಯಾರು ನಂಬ್ತಾರೆ?"

"ನನ್ನ ಹೆಸರು ಹೇಳಿ. ನಾನೇ ಹಾಳುಮಾಡಿದೆ ಅನ್ನಿ."

"ಹೇಳ್ತೀನಿ. ನೋಡ್ದೇನೆ ಎಸಿ ಅಂದೋಳು ನಾನು ಅಂತಾನೂ ಹೇಳ್ತೀನಿ. ಈಗ ಹೊಸ ಕೋಶ ತೆಗಿ, ಮತ್ತೆ ಶುರು ಮಾಡೋಣ."

ಸಭೆಯ ದಿನಕ್ಕೆ ಹೊಸವು ಸಿದ್ಧವಾಗಲಿಲ್ಲ. ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಲ್ಲಿ ಯಾರೋ ಕಿಸಕ್ಕನೆ ನಕ್ಕರಂತೆ. ಒಬ್ಬ ಹಿರಿಯ ಮಾತ್ರ, ವಸಂತದವರೆಗೆ ಮತ್ತೆ ಮಾಡಿ ನೋಡಲಿ ಎಂದನಂತೆ.

ಮಾಡಿದರು. ಎರಡು ಜಾತಿಯ ಗಡ್ಡೆಯ ಕೋಶಗಳು ಎಲ್ಲ ಸೀಸೆಗಳಲ್ಲೂ ಸತ್ತವು. ಮೂರನೆಯ ಜಾತಿ ಜಗ್ಗಲಿಲ್ಲ. ಅದಕ್ಕೆ ಆ ಮದ್ದು ಕೂರದ ಬೇರೊಂದು ಬಾಗಿಲಿದ್ದು, ಅದರಿಂದ ಹುಳಿ ಕಕ್ಕುತ್ತಲೇ ಇತ್ತು. ಆ ಬಾಗಿಲಿನ ಕೆಲಸವನ್ನು ಟೆಲ್ಮಾಳಿಗೇ ಕೊಟ್ಟರು. ಕೋಶ ಸಾಕಲು ಯಾರು ಬೇಕೆಂದು ಕೇಳಿದಾಗ ಅವಳು ಹೇಳಿದ್ದು ಝುಲ್ಮೀರಾಳ ಹೆಸರನ್ನು.