ಪಾಯಸ್ ಮಾಸ್ಟರರ ಚಪ್ಪಾಳೆ

ನಮ್ಮ ಕಂಪನಿ ಅಮೆರಿಕದ್ದು, ನೂರೈವತ್ತು ವರ್ಷ ಹಳೆಯದು, ಕಂಬಳಿ ನೇಯುತ್ತದೆ. ಹೆಸರು ಇಲ್ಲಿ ಬೇಡ. ಅದರ ವಕೀಲರೂ ಅಷ್ಟೇ ಪಳಗಿದವರು. ನೈರೋಬಿಯ ಮೊಂಬಾಸಾ ರಸ್ತೆಯಲ್ಲಿರುವ ನಮ್ಮ ಮಿಲ್ಲಿನ ಬಾಗಿಲು ದಾಟಿದರೆ ಒಂದು ಗೋಡೆ ತುಂಬ ಫೋಟೋಗಳಿವೆ. ಅಜ್ಜ, ಮಗ, ಮೊಮ್ಮಗ ಒಂದೇ ಮಗ್ಗದ ಪಕ್ಕ ನಿಂತಿರುವ ಅಮೆರಿಕದ ಸಂಸಾರಗಳು. ಇಲ್ಲಿ ಕೆಲಸಕ್ಕೆ ಸೇರಿದವರು ಇಲ್ಲೇ ಮುದುಕರಾಗುತ್ತಾರೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದೆ. ಮೈಸೂರಿನಿಂದ ಬಂದು ಮೆಂಟೆನೆನ್ಸ್ ಎಂಜಿನಿಯರಾಗಿ ಸೇರಿದ ದಿನ ಅದನ್ನು ಓದಿ, ಇದು ಆಶೀರ್ವಾದವೋ ಶಾಪವೋ ಎಂದು ನಕ್ಕಿದ್ದೆ.

ಆ ಮಾತನ್ನು ನಿಜ ಮಾಡಿದವರು ವೀವಿಂಗ್ ಮಾಸ್ಟರ್ ಪಾಯಸ್. ಮಂಗಳೂರಿನ ಕೊಂಕಣಿ ಕ್ರೈಸ್ತರು. ಮದುವೆಯಾದ ವರ್ಷವೇ ಹೆಂಡತಿ ಇನೆಜ್ ಜೊತೆ ಬಂದವರು, ತಲೆ ಪೂರ್ತಿ ಬೆಳ್ಳಗಾದರೂ ಅದೇ ನೇಯ್ಗೆ ವಿಭಾಗದಲ್ಲಿದ್ದರು. ಕೆಲಸಗಾರರು ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಮ್ವಾಲಿಮು’ ಎನ್ನುತ್ತಿದ್ದರು, ಅಂದರೆ ಮೇಷ್ಟ್ರೇ ಎಂದು.

ಲಾಳಿ ಬಡಿಯುವ ಆ ಹಳೆಯ ಮಗ್ಗಗಳ ನಡುವೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಅಲ್ಲಿಯವರು ಬಾಯಿಯನ್ನು ದೊಡ್ಡದಾಗಿ ತೆರೆದು ಮುಚ್ಚಿ ಮಾತಾಡುತ್ತಾರೆ. ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಎರಡು ಸಾಲಿನಾಚೆಯಿಂದ ಅಚಿಯೆಂಗ್ ಎಂಬ ಹಳೆಯ ನೇಯ್ಗೆಗಾರ್ತಿ ಮಾಸ್ಟರರನ್ನು ಗೇಲಿ ಮಾಡಿದರೆ, ಅವರು ಇಲ್ಲಿಂದಲೇ ತಿರುಗಿ ಬಾರಿಸುತ್ತಿದ್ದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ನಾನು ಗಂಟಲು ಹರಿದುಕೊಳ್ಳುವ ಜಾತಿ.

ಈ ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ವೈಸ್ ಪ್ರೆಸಿಡೆಂಟ್ ಬಂದ. ಪಾಯಸ್ ಮಾಸ್ಟರರಿಗೆ ಸನ್ಮಾನವಂತೆ, ಅವರ ಫೋಟೋ ಗೋಡೆಗೆ ಏರುತ್ತದಂತೆ. ಇನೆಜ್‌ಬಾಯಿ ಇಸ್ತ್ರಿ ಮಾಡಿದ ಸೂಟಿನಲ್ಲಿ ಮಾಸ್ಟರ್ ವೇದಿಕೆಯ ಮೇಲೆ ಮದುಮಗನ ಹಾಗೆ ಕುಳಿತಿದ್ದರು. ವೈಸ್ ಪ್ರೆಸಿಡೆಂಟ್ ಮಾಸ್ಟರರಿಗೆ ಬೆನ್ನು ಹಾಕಿ, ನಮ್ಮ ಕಡೆಗೆ ಮುಖ ಮಾಡಿ ಮೈಕಿನಲ್ಲಿ ಮಾತಾಡಿದ. ಮೊದಲು ಮಾಸ್ಟರರನ್ನು ಹೊಗಳಿ ಅಟ್ಟಕ್ಕೇರಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೀಗೆ ಮೂಗಿಗೆ ತುಪ್ಪ ಸವರಿ, ಅದೇ ಉಸಿರಿನಲ್ಲಿ, ಡಿಸೆಂಬರಿಗೆ ನೈರೋಬಿಯ ಮಿಲ್ ಮುಚ್ಚುತ್ತೇವೆ, ನಿಮ್ಮೆಲ್ಲರ ಸೇವೆಗೆ ಕೃತಜ್ಞತೆಗಳು ಎಂದ.

ಅವನು ತಿರುಗಿ ಮಾಸ್ಟರರ ಕೈಗೆ ಫೋಟೋ ಇಟ್ಟ. ಮಾಸ್ಟರ್ ಎದ್ದು ಕೈಕುಲುಕಿದರು, ಫೋಟೋವನ್ನು ಕಂಕುಳಲ್ಲಿ ಇರುಕಿಕೊಂಡರು. ಆಮೇಲೆ ಬಾಯ್ತುಂಬ ನಗುತ್ತ ಚಪ್ಪಾಳೆ ತಟ್ಟಿದರು, ಅವರೊಬ್ಬರೇ. ಅಚಿಯೆಂಗ್ ಎದ್ದು ಹೊರಗೆ ನಡೆದಳು. ಅವಳ ಹಿಂದೆ ಎಲ್ಲರೂ ಎದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಗೋದಾಮಿನ ಹತ್ತಿರ ಮಾಸ್ಟರರ ಹಿಂದಿನಿಂದ ಓಡಿ ಹೋಗಿ ಕೂಗಿದೆ. “ಏನ್ ಸಾರ್, ನಿಮಗೆ ಮೊದಲೇ ಗೊತ್ತಿತ್ತಾ? ಇಷ್ಟು ಜನರ ಹೊಟ್ಟೆ ಮೇಲೆ ಹೊಡೆದಿದ್ದಕ್ಕೆ ಚಪ್ಪಾಳೆ ಬೇರೆ ತಟ್ತೀರಾ?”

ಅವರು ಫೋಟೋ ನೋಡಿಕೊಂಡು ನಡೆಯುತ್ತಲೇ ಇದ್ದರು. ಭುಜ ಹಿಡಿದು ಎಳೆದೆ. ಅದೇ ನಗುಮುಖದಿಂದ ತಿರುಗಿದರು.

“ಓ ನೀನಾ! ಫೋಟೋ ಚಂದ ಬಂದಿದೆ ಅಲ್ವಾ? ಅವ ಕಡೆಗೆ ಎಂತ ಹೇಳಿದ್ದು ಮಾರಾಯ? ಬೆನ್ನು ಹಾಕಿ ನಿಂತಿದ್ದ, ನಂಗೆ ಕಾಣ್ಲೇ ಇಲ್ಲ.”

ಕಾಣಲಿಲ್ಲವೇ? ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೇಳಿದೆ, “ನಾನು ಮಾತಾಡೋದು ಕೇಳಿಸ್ತಿದ್ಯಾ ಸಾರ್?”

ಅವರ ನಗು ಇಳಿದುಹೋಯಿತು. ಮೆಲ್ಲಗೆ ನನ್ನ ಕೈ ಕೆಳಗಿಳಿಸಿ, ತುಟಿಯನ್ನೇ ನೋಡುತ್ತ ನಿಂತರು. ಮಿಲ್ ಮುಚ್ಚುತ್ತಾರೆ ಎಂದು ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಯಿತು. ಅಂಥ ಕೆಟ್ಟ ಕೆಲಸ ನನ್ನ ಶತ್ರುವಿಗೂ ಬೇಡ. ಮಾಸ್ಟರ್ ನೂಲಿನ ಮೂಟೆಯ ಮೇಲೆ ಕುಸಿದರು.

“ಅಯ್ಯೋ ದೇವರೇ. ನಾನು ಚಪ್ಪಾಳೆ ತಟ್ಟಿದೆನಲ್ಲ.”

“ಇಷ್ಟು ವರ್ಷ ಯಾಕ್ ಸಾರ್ ಮುಚ್ಚಿಟ್ರಿ?”

“ಹೇಳಿದ್ರೆ ಮನೆಗೆ ಕಳಿಸ್ತಾರೆ. ಮನೆಯಲ್ಲಿ ಎಂತ ಉಂಟು? ಇನೆಜ್ ಒಬ್ಬಳು ಮುಖ ನೋಡಿ ಮಾತಾಡ್ತಾಳೆ. ಮಕ್ಕಳು ಫೋನ್ ನೋಡಿಕೊಂಡೇ ಇಂಗ್ಲಿಷಲ್ಲಿ ಎಂತದೋ ಗೊಣಗ್ತಾರೆ. ಇಗರ್ಜಿಯಲ್ಲಿ ಎಲ್ಲ ಎದ್ದಾಗ ಏಳ್ತೇನೆ, ಕೂತಾಗ ಕೂರ್ತೇನೆ, ಅಷ್ಟೇ. ಮಿಲ್ಲಿನೊಳಗೆ ಮಾತ್ರ ನಾನು ಕಿವುಡ ಅಲ್ಲ ಮಾರಾಯ. ಅಲ್ಲಿ ಎಲ್ರೂ ನನ್ನ ಹಾಗೇ.”

ಮಗ್ಗಗಳೇ ತಿಂದ ಕಿವಿ ಅದು. ಆ ಮಗ್ಗಗಳ ನಡುವೆಯೇ ಅವರಿಗೆ ನೆಮ್ಮದಿ ಎಂದರೆ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಮರುದಿನ ಅವರು ಮಗ್ಗದಿಂದ ಮಗ್ಗಕ್ಕೆ ಹೋದರು. ಯಾರೂ ತಲೆ ಎತ್ತಲಿಲ್ಲ. ಅಚಿಯೆಂಗ್ ಮುಖ ತಿರುಗಿಸಿದಳು. ಅವಳನ್ನು ಸುತ್ತಿ ಎದುರಿಗೆ ಹೋಗಿ ನಿಂತರೆ ಮತ್ತೆ ತಿರುಗಿಸಿದಳು. ಬೇರೆಯವರು ಮಾತು ಬಿಟ್ಟರೆ ನಾವು ಕಿವಿಯಿಂದಾದರೂ ಅಷ್ಟಿಷ್ಟು ಕದ್ದು ಕೇಳಬಹುದು. ಇವರಿಗೆ ಮುಖಗಳು ಹೋದರೆ ಎಲ್ಲವೂ ಹೋದಂತೆ. ವಾರವಿಡೀ ಹೀಗೇ ನಡೆಯಿತು. ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯತೊಡಗಿದರು.

“ನಾನೇ ಹೇಳ್ತೀನಿ ಬಿಡಿ ಸಾರ್,” ಎಂದೆ.

“ಬೇಡ. ಆಫೀಸಿಗೆ ಗೊತ್ತಾದ್ರೆ ಡಿಸೆಂಬರ್ ತನಕವೂ ಇಡುದಿಲ್ಲ,” ಎಂದು ಕೈ ಮುಗಿದರು. ನನಗಿಂತ ಅಷ್ಟು ಹಿರಿಯರು ನನಗೆ ಕೈ ಮುಗಿದದ್ದನ್ನು ನೋಡಲಾಗಲಿಲ್ಲ.

ಸೋಮವಾರ ಅವರು ನೇರವಾಗಿ ಬಂದು ಮೇನ್ ಸ್ವಿಚ್ ಎಳೆದೇಬಿಟ್ಟರು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಎಲ್ಲರೂ ಬೆಚ್ಚಿ ತಿರುಗಿದರು.

“ಸಿಕುಸಿಕಿಯಾ!” ಎಂದು ಮಾಸ್ಟರ್ ಅರಚಿದರು. ಸ್ವಾಹಿಲಿಯಲ್ಲಿ ಹಾಗೆಂದರೆ ‘ನನಗೆ ಕೇಳಿಸಲಿಲ್ಲ’ ಎಂದು. ದನಿ ಎಷ್ಟಿರಬೇಕೆಂಬ ಅಂದಾಜು ಅವರಿಗಿರಲಿಲ್ಲ. ತಗಡಿನ ಮಾಡು ಅದುರಿತು. ನಾನು ಕಿವುಡ, ಅವನು ಹೇಳಿದ್ದು ಕೇಳಿಸಲಿಲ್ಲ, ನನ್ನನ್ನು ಹೊಗಳಿದನೆಂದು ತಟ್ಟಿದೆ ಎಂದು ಮತ್ತೆ ಮತ್ತೆ ಕೂಗಿದರು. ಮೇಲಿನ ಆಫೀಸಿನ ಗಾಜಿನ ಹಿಂದೆ ಎಚ್ಆರ್ ಮ್ಯಾನೇಜರ್ ಬಂದು ನಿಂತದ್ದು ನನಗೆ ಕಂಡಿತು. ಮಾಸ್ಟರರಿಗೂ ಕಂಡಿತು. ಅವರು ನಿಲ್ಲಿಸಲಿಲ್ಲ.

ಅಚಿಯೆಂಗ್ ಹತ್ತಿರ ಬಂದಳು. ಕಣ್ಣೊರೆಸಿಕೊಳ್ಳುತ್ತ ಏನೋ ಹೇಳಿದಳು. ಸದ್ದಿಲ್ಲದ ಕಡೆ ನಾವೆಲ್ಲ ಮಾತಾಡುವ ಹಾಗೆ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಮಾಸ್ಟರರಿಗೆ ಒಂದಕ್ಷರವೂ ಸಿಗಲಿಲ್ಲ. ದಿಕ್ಕು ತಪ್ಪಿದವರಂತೆ ನನ್ನ ಕಡೆ ನೋಡಿದರು.

ಅವಳಿಗೆ ಅರ್ಥವಾಯಿತು. ಹೋಗಿ ಮೇನ್ ಸ್ವಿಚ್ ಹಾಕಿ, ತನ್ನ ಮಗ್ಗವೊಂದನ್ನೇ ಚಾಲೂ ಮಾಡಿದಳು. ಲಾಳಿ ಬಡಿಯತೊಡಗಿತು. ಆ ಸದ್ದಿನಲ್ಲಿ ಅವರ ಎದುರು ನಿಂತು, ಮೊದಲಿನ ಹಾಗೆಯೇ ಬಾಯಿ ದೊಡ್ಡದಾಗಿ ತೆರೆದು ಕೂಗಿ ಕೇಳಿದಳು. ಒಂದೇ ಮಗ್ಗವಾದ್ದರಿಂದ ನನಗೂ ಕೇಳಿಸಿತು.

“ಇದು ನಿಂತ ಮೇಲೆ ನಿಮ್ಮ ಜೊತೆ ಯಾರು ಮಾತಾಡ್ತಾರೆ, ಮ್ವಾಲಿಮು?”

ಮಾಸ್ಟರ್ ಅದನ್ನು ಪೂರ್ತಿಯಾಗಿ ಓದಿಕೊಂಡರು. ಎಚ್ಆರ್ ಮ್ಯಾನೇಜರ್ ಮೆಟ್ಟಿಲಿಳಿದು ಬಂದು ಭುಜ ಮುಟ್ಟುವವರೆಗೂ ಅವಳ ತುಟಿಯನ್ನೇ ನೋಡುತ್ತ ನಿಂತಿದ್ದರು.