ಕಾಲು ತೊಳೆದ ರವಿವಾರ

ಗಿರಣಿಗೆ ಕಳಿಸಬೇಕಿದ್ದ ಜೋಳವನ್ನು ಮೊರದಲ್ಲಿ ಕೇರುತ್ತ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಫೋನು ಬಂತು. ಕೈಯೆಲ್ಲ ಹೊಟ್ಟು. ಸೆರಗಿಗೆ ಒರೆಸಿಕೊಂಡು ಕಿವಿಗೆ ಹಿಡಿದೆ.

"ಅಕ್ಕಾರ, ನಾಳಿಂದ ಸಾಲಿ ಕಡೆ ಬರಬ್ಯಾಡ ಅಂದ್ರರಿ ಹೆಡ್ ಮಾಸ್ತರು."

"ಯಾಕಂತ?"

"ಸಾಲಿ ಅಕ್ಕಿ ಕದ್ದು ಆ ಚೀನಾದ ಹುಡುಗಿ ಉಡಿಗೆ ಹಾಕೀನಂತ. ವಿಡಿಯೋ ಐತಂತ್ರಿ."

ಫೋನು ಮಾಡಿದವಳು ತಾವರಗೇರಾ ದಾಟಿದ ಮೇಲೆ ಕುಷ್ಟಗಿ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯವಳು. ಅಲ್ಲಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ಗಂಡನ ಬೆನ್ನು ಹೋಗಿ ಅವನು ಮನೆ ಹಿಡಿದ ಮೇಲೆ ಆ ಒಲೆಯೇ ಅವಳ ಸಂಸಾರಕ್ಕೆ ಗತಿ. ಆ ಒಲೆಯನ್ನೇ ಈಗ ಆರಿಸಲು ಹೊರಟಿದ್ದರು. ಜೋಳವನ್ನು ಅಲ್ಲೇ ಬಿಟ್ಟೆ. ಗುಬ್ಬಿಗಳಿಗೆ ಹಬ್ಬವಾಗಿರಬೇಕು.

ಚೀನಾದ ಹುಡುಗಿ ಚೀನಾದವಳಲ್ಲ, ಕೊರಿಯಾದವಳು. ಅಲ್ಲಿನ ಒಂದು ಕ್ರೈಸ್ತ ಸಭೆಗೂ ಗಂಗಾವತಿಯ ನಮ್ಮ ಚಿಕ್ಕ ಸಭೆಗೂ ಹೇಗೆ ನಂಟು ಬೆಳೆಯಿತೋ ನಮ್ಮ ಪಾಸ್ಟರರಿಗೇ ಗೊತ್ತು. ಅಲ್ಲಿಂದ ಒಂದು ತಂಡ ಸೇವೆ ಮಾಡಲು ಬರುತ್ತದೆ, ಒಂದು ವಾರ ಇರುತ್ತದೆ ಎಂದರು. ನಮ್ಮ ಚರ್ಚಿನ ಸೂರು ಮಳೆ ಬಂದರೆ ಸೋರುತ್ತದೆ, ಅದನ್ನು ಸರಿಮಾಡಲಿ ಎಂದೆ. ಅವರಿಗೆ ಊರು ಬೇಡವಂತೆ, ಹಳ್ಳಿಯೇ ಬೇಕಂತೆ. ಆಗ ಪಾಸ್ಟರರಿಗೆ ನನ್ನ ಹಳ್ಳಿ ನೆನಪಾಯಿತು.

ನನ್ನ ಹಳ್ಳಿ ಎನ್ನಲು ಕಾರಣ ಇದೆ. ಈ ಅಡುಗೆಯವಳ ಮಗುವಿಗೆ ಜ್ವರ ಬಂದು ಗಂಗಾವತಿಯ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮಂಚದಲ್ಲಿ ನನ್ನ ಅತ್ತೆ ಇದ್ದರು. ನಾನು ಆ ಮಗುವಿನ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಮಗು ಎದ್ದಿತು. ಅಂದಿನಿಂದ ಆಗಾಗ ರವಿವಾರ ಬಸ್ಸು ಹತ್ತಿ ಅವಳ ಅಂಗಳಕ್ಕೆ ಹೋಗಿ ಕೂಡುತ್ತಿದ್ದೆ. ಓಣಿಯ ನಾಲ್ಕಾರು ಹೆಂಗಸರು ಬರುತ್ತಿದ್ದರು. ಒಂದು ಪದ ಹಾಡುವುದು, ಒಂದು ಪ್ರಾರ್ಥನೆ, ಆಮೇಲೆ ಸೊಸೆಯರ ಸುದ್ದಿ. ಅವಳು ದೀಕ್ಷಾಸ್ನಾನ ತೆಗೆದುಕೊಂಡವಳಲ್ಲ, ಮಂಗಳವಾರ ದುರ್ಗಮ್ಮನಿಗೂ ಹೋಗುತ್ತಾಳೆ. ನಾನು ಒತ್ತಾಯ ಮಾಡಿದವಳಲ್ಲ. ಪಾಸ್ಟರರು ಆ ಅಂಗಳಕ್ಕೆ ಒಮ್ಮೆಯೂ ಬಂದವರಲ್ಲ. ಆ ರಸ್ತೆಯ ಧೂಳು ಅವರಿಗೆ ಆಗಿಬರುವುದಿಲ್ಲ.

ವಿದೇಶದವರು ಬಂದಾಗ ಮಾತ್ರ ಧೂಳು ಅಡ್ಡ ಬರಲಿಲ್ಲ. ಶಾಲೆಯ ಕಾಂಪೌಂಡಿಗೆ ಬಣ್ಣ ಹಚ್ಚುತ್ತೇವೆ ಎಂದು ಹೆಡ್ ಮಾಸ್ತರರ ಒಪ್ಪಿಗೆ ಪಡೆದರು. ತಂಡಕ್ಕೆ ಅಡುಗೆ ಮಾಡಿ ಹಾಕುವ ಸೇವೆ ನನ್ನ ಪಾಲಿಗೆ ಬಂತು. ಮನೆಯಿಂದಲೇ ಒಂದು ಚೀಲ ಸಣ್ಣಕ್ಕಿ ಒಯ್ದು ಅಡುಗೆಯವಳ ಮನೆಯಲ್ಲಿಟ್ಟೆ. ಅವಳು ಶಾಲೆಯ ಅಡುಗೆ ಮುಗಿಸಿ ಬಂದು ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದಳು.

ತಂಡದವರು ಕೆಟ್ಟವರೆಂದು ಹೇಳಲಾರೆ. ಒಳ್ಳೆಯವರೆಂದು ಹೇಳಲು ನನಗೆ ಮನಸ್ಸಿಲ್ಲ. ಕಂಡದ್ದಕ್ಕೆಲ್ಲ ಫೋಟೋ. ಕೋಳಿಗೆ ಫೋಟೋ, ಎಮ್ಮೆಗೆ ಫೋಟೋ, ಕುಳ್ಳು ತಟ್ಟುವ ಮುದುಕಿಗೆ ಫೋಟೋ. ನಾನು ಒಲೆಯ ಮುಂದೆ ಬೆವರು ಸುರಿಸುತ್ತ ಕೂತಾಗ ಒಬ್ಬ ನನ್ನ ಮೂಗಿನ ಹತ್ತಿರ ಕ್ಯಾಮೆರಾ ತಂದ. ಹಿಟ್ಟಿನ ಕೈ ಎತ್ತಿ ಕಪಾಳಕ್ಕೆ ಹೊಡೆಯುವಂತೆ ತೋರಿಸಿದೆ. ಆಶೀರ್ವಾದ ಮಾಡುತ್ತಿದ್ದೇನೆ ಎಂದುಕೊಂಡು ಅವನು ಸೊಂಟದವರೆಗೆ ಬಾಗಿ ನಮಸ್ಕಾರ ಮಾಡಿದ. ಒಂದು ಮಾತ್ರ ಹೇಳಬೇಕು: ಊಟಕ್ಕೆ ಹೆಸರಿಡಲಿಲ್ಲ. ತಮ್ಮ ದೇಶದ ಕೆಂಪು ಖಾರದ ಡಬ್ಬಿ ತಂದಿದ್ದರು. ನನ್ನ ರಂಜಕದ ರುಚಿ ನೋಡಿದ ಮೇಲೆ ಅದನ್ನು ಮುಚ್ಚಿಟ್ಟು, ಹಸಿ ಕೆಂಪು ಮೆಣಸಿನಕಾಯಿ ಅರೆದು ಹುಳಿಗೆ ಬಿಟ್ಟಿದ್ದ ನನ್ನ ಭರಣಿಯ ತಳ ಕಾಣಿಸಿದರು. ಅಷ್ಟಕ್ಕೆ ದೇವರಿಗೆ ಸ್ತೋತ್ರ.

ಕೊನೆಯ ದಿನ ರವಿವಾರ. ಅಂಗಳದಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಬಂತು, ಬಿಳಿ ಟವೆಲು ಬಂತು. ಹೆಂಗಸರ ಕಾಲು ತೊಳೆಯುತ್ತಾರಂತೆ.

ನಾನು ಪಾಸ್ಟರರ ಹತ್ತಿರ ಹೋಗಿ ಸಣ್ಣಗೆ ಹೇಳಿದೆ. "ಇಲ್ಲಿ ಬ್ಯಾಡ್ರಿ. ಇಲ್ಲಿ ಕಾಲು ತೊಳಿಯೂದಂದ್ರ ಬ್ಯಾರೆನ ಐತಿ."

"ಕರ್ತನೇ ತನ್ನ ಶಿಷ್ಯರ ಕಾಲು ತೊಳದಾನ. ನೀವು ಕರ್ತನಕಿಂತ ದೊಡ್ಡವರೇನು?"

ಹಾಗೆ ಕೇಳಿದರೆ ಯಾರು ಏನು ಹೇಳಬೇಕು. ಆದರೆ ಬೇರೆಯೇ ಇದೆ. ನಮ್ಮ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ಮನೆಯವರ ಕೆಲಸ. ಕೂಡಿಸಿ ತೊಳೆಯುವುದೆಂದರೆ ಮನೆಗೆ ಬಂದ ಸ್ವಾಮಿಗಳ ಕಾಲು, ಮದುವೆಯಲ್ಲಿ ಅಳಿಯನ ಕಾಲು. ಕಾಲು ತೊಳೆದರೆ ಏನೋ ಕೊಟ್ಟರು, ಏನೋ ಒಪ್ಪಿಕೊಂಡರು ಎಂದೇ ಅರ್ಥ. ಸುಮ್ಮನೆ ಪ್ರೀತಿಗೆ ಯಾರೂ ಯಾರ ಕಾಲನ್ನೂ ತೊಳೆಯುವುದಿಲ್ಲ.

ತಂಡದಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿ ಅಡುಗೆಯವಳ ಮುಂದೆ ಮೊಣಕಾಲೂರಿದಳು. ಇವಳು ಒಡೆದ ಹಿಮ್ಮಡಿ ಹಿಂದಕ್ಕೆಳೆದುಕೊಂಡಳು. ಅವಳು ಬಿಡಲಿಲ್ಲ. ತೊಳೆಯುತ್ತ ತೊಳೆಯುತ್ತ ಅಳಲು ಶುರುಮಾಡಿದಳು.

"ಯಾಕ ಅಳಾಕತ್ತಾಳ್ರಿ ಅಕ್ಕಾರ? ನನ್ನ ಕಾಲು ಅಷ್ಟು ಕೆಟ್ಟ ಅದಾವೇನ್ರಿ?"

ಹೆಂಗಸರೆಲ್ಲ ನಕ್ಕರು. ಅಡುಗೆಯವಳ ಅತ್ತೆ ಮಾತ್ರ ಬಾಗಿಲಲ್ಲಿ ಕೂತು ಗೊಣಗಿದಳು. "ಮನಿಗಿ ಬಂದಾಕಿ ಕೈಲೆ ಕಾಲು ತೊಳಿಸ್ಕೋತಾಳ. ಯಾ ಜಲ್ಮದಾಗ ತೀರಸ್ತಾಳೊ ಇದನ್ನ."

ಅದು ಇವಳಿಗೆ ನಾಟಿತು. ಎದ್ದು ಒಳಗೆ ಹೋದಳು. "ಅಕ್ಕಾರ, ನಿಮ್ಮ ಚೀಲದ್ದು ಎರಡು ಬೊಗಸಿ ಅಕ್ಕಿ ತಗೋತೀನ್ರಿ" ಎಂದು ಕೇಳಿದಳು, ಹೂಂ ಎಂದೆ. ತಟ್ಟೆಯಲ್ಲಿ ಅರಿಷಿಣ, ಕುಂಕುಮ, ಕೊಬ್ಬರಿ ಬಟ್ಟಲು, ಉತ್ತತ್ತಿ, ಪೆಟ್ಟಿಗೆಯಲ್ಲಿ ಎಂದೋ ಇಟ್ಟಿದ್ದ ಕುಪ್ಪಸದ ಒಂದು ಖಣ. ಹುಡುಗಿಯನ್ನು ಚಾಪೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಅವಳ ದುಪಟ್ಟಾವನ್ನೇ ಸೆರಗಿನಂತೆ ಹಿಡಿಸಿ ಉಡಿ ತುಂಬಿದಳು. ಅಷ್ಟು ದೊಡ್ಡ ಋಣವನ್ನು ಹೊರಲಾರದೆ ಅವಳಿಗೆ ತಿಳಿದ ರೀತಿಯಲ್ಲಿ ಅಲ್ಲೇ ತೀರಿಸಿಬಿಟ್ಟಳು. ಆ ಹುಡುಗಿಗೆ ಏನು ಗೊತ್ತು. ನಮಸ್ಕಾರ ಮಾಡಲು ಎರಡೂ ಕೈ ಬಿಟ್ಟು ಎದ್ದು ಬಾಗಿದಳು. ಅಕ್ಕಿಯೆಲ್ಲ ಅಂಗಳದ ಪಾಲಾಯಿತು. ಕೋಳಿಗಳು ಓಡಿ ಬಂದವು, ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯಾಚೆಯಿಂದ ಯಾರೋ ಮೊಬೈಲು ಹಿಡಿದಿದ್ದರು.

ತಂಡದವರು ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದರು. ವಿಡಿಯೋ ಊರಲ್ಲೇ ಉಳಿಯಿತು. ಕಾಲು ತೊಳೆದು ಜಾತಿ ಕೆಡಿಸಿದರು ಎಂದು ಅದರ ಕೆಳಗೆ ಬರೆದಿದ್ದರು. ಆದರೆ ಕಾಲು ತೊಳೆಸಿಕೊಂಡಳು ಎಂದು ಕೆಲಸದಿಂದ ತೆಗೆಯಲು ಬರುವುದಿಲ್ಲ. ಆದ್ದರಿಂದ ಅಕ್ಕಿಯ ನೆಪ ಹಿಡಿದರು.

ಅಡುಗೆಯವಳ ಮಾತು ಕೇಳಿದ ಮೇಲೆ ಪಾಸ್ಟರರಿಗೆ ಫೋನು ಮಾಡಿ, ಇದಕ್ಕೆಂದೇ ನಾಳೆ ಶಾಲೆಯಲ್ಲಿ ಮೀಟಿಂಗ್ ಇದೆ, ಬಂದು ಒಂದು ಮಾತು ಹೇಳಿ ಎಂದೆ.

"ಆ ಕುಂಕುಮದ ವಿಡಿಯೋ ಕೊರಿಯಾದವರೂ ನೋಡ್ಯಾರ. ಇದೇನು ವಿಗ್ರಹಾರಾಧನೆ ಅಂತ ಕೇಳಾಕತ್ತಾರ. ನಾನು ಆಕಿ ಪರ ನಿಂತ್ರ ಸಭೆ ಹೆಸರು ಏನಾಗಬೇಕು?"

"ಊರಾನವರು ಆಕಿ ಕ್ರೈಸ್ತಳಾದ್ಲು ಅಂತಾರ. ನೀವು ಆಗಿಲ್ಲ ಅಂತೀರಿ. ಆಕಿ ಎಲ್ಲಿ ನಿಲ್ಲಬೇಕ್ರಿ?"

"ಪ್ರಾರ್ಥನೆ ಮಾಡ್ರಿ, ಸಹೋದರಿ."

"ಮಾಡ್ತೀನ್ರಿ. ಬಸ್ಸಿನ್ಯಾಗ ಕೂತು ಮಾಡ್ತೀನಿ."

ನನ್ನ ಯಜಮಾನರು ಊರ ಉಸಾಬರಿ ನಿನಗ್ಯಾಕೆ ಎಂದರು. ಎಂದರೂ ಬೆಳಿಗ್ಗೆ ಗಾಡಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟರು. ಕಿಟಕಿಯ ಸೀಟು ಸಿಕ್ಕಿತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಇಂಥವನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ದೊಡ್ಡ ಉಪಕಾರಗಳಿಗೆ ಕಾಯುತ್ತ ಕೂತರೆ ಸ್ತೋತ್ರ ಹೇಳುವ ಅಭ್ಯಾಸವೇ ತಪ್ಪುತ್ತದೆ.

ಹೆಡ್ ಮಾಸ್ತರರ ಕೋಣೆಯಲ್ಲಿ ಶಾಲೆಯ ಸಮಿತಿಯವರು ಕೂತಿದ್ದರು. ಅಡುಗೆಯವಳು ಬಾಗಿಲ ಹೊರಗೆ ನಿಂತಿದ್ದಳು. ಸಮಿತಿಯ ಅಧ್ಯಕ್ಷ ನನ್ನನ್ನು ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಬರ್ರಿ ಬರ್ರಿ, ಮೇಡಂನೋರು ಬಂದ್ರು. ನಿಮ್ಮ ಪಾಸ್ಟರ್ ಎಲ್ಲಿ? ಚೀನಾಕ್ಕ ಹೋದ್ರೇನು?"

"ಅದು ಕೊರಿಯಾರಿ."

"ಯಾವುದಾದ್ರೇನು, ನಮ್ಮೂರಂತೂ ಅಲ್ಲ."

"ನಿಮ್ಮ ಗ್ವಾಡಿಗೆ ಬಣ್ಣ ಹಚ್ಚುವಾಗ ಯಾವೂರು ಅಂತ ಕೇಳಿದ್ರೇನ್ರಿ?"

ಹೆಡ್ ಮಾಸ್ತರರು ಕೆಮ್ಮಿದರು. ಪಾಪ, ಅವರಿಗೆ ಮೇಲಿನವರಿಗೆ ದೂರು ಹೋದೀತೆಂಬ ಹೆದರಿಕೆ. ನಾನು ನಿಂತೇ ಹೇಳಿದೆ. "ಆ ಅಕ್ಕಿ ನಂದು. ಗಂಗಾವತಿಯಿಂದ ನಾನ ತಂದಿದ್ದೆ."

"ಯಾರು ಹೇಳ್ಯಾರ?"

"ನಾನ ಹೇಳಾಕತ್ತೀನಲ್ಲ."

"ನೀವು ಆಕಿ ಕಡೆಯವರು. ಅಕ್ಕಿ ಮ್ಯಾಲ ನಿಮ್ಮ ಹೆಸರು ಬರದೈತೇನು?"

ವಿಡಿಯೋ ಹಾಕಿದರು. ಮತ್ತೆ ಹಾಕಿದರು. ಎಷ್ಟು ಹಿಗ್ಗಿಸಿದರೂ ಬೆಳ್ಳಗೆ ಏನೋ ಬೀಳುವುದು ಬಿಟ್ಟರೆ ಬೇರೆ ಕಾಣಲಿಲ್ಲ. ಸಮಿತಿಯಲ್ಲಿ ಅಡುಗೆಯವಳ ಪಕ್ಕದ ಮನೆಯವಳೂ ಒಬ್ಬಳು. ಇವಳ ಕೈಯ ಊಟ ನಮ್ಮ ಮಕ್ಕಳಿಗೆ ಬೇಡ ಎಂದು ಮೊದಲು ಬಾಯಿ ತೆಗೆದವಳೇ ಅವಳು. ಅಕ್ಕಿಯ ಮಾತು ಮತ್ತೆ ಮತ್ತೆ ಕೇಳಿ ಅವಳಿಗೆ ಬೇಜಾರಾಗಿರಬೇಕು.

"ಸಾಲಿ ಅಕ್ಕಿ ಅಲ್ಲೋ ಮಾರಾಯ ಅದು. ಸಾಲೀದು ದಪ್ಪ ಐತಿ. ಇದು ಸಣ್ಣಂದು, ಮಲ್ಲಿಗಿ ಹಂಗ ಆಗಿತ್ತು."

"ನಿನಗ ಹ್ಯಾಂಗ ಗೊತ್ತು?"

"ಚೆಲ್ಲಿದ್ದು ಬಾಚ್ಕೊಂಡು ಹೋಗಿದ್ನೆಪಾ. ಕೋಳಿಗಿ ಯಾಕ ಸಣ್ಣಕ್ಕಿ? ತೊಳದು ಅನ್ನ ಮಾಡೀನಿ."

"ಅದನ್ನ ಉಂಡೇನು ನೀನು?"

"ನಾನಷ್ಟ ಅಲ್ಲ, ನಿನ್ನ ಮಗಾನೂ ಉಂಡಾನ. ನಮ್ಮ ಹುಡುಗನ ಕೂಡ ಆಡಾಕ ಬಂದಾವ ಇನ್ನೊಂದೀಟು ಹಾಕಬೇ ಅಂದ."

ಕೋಣೆಯಲ್ಲಿ ನಗು ಎದ್ದಿತು. ಅಧ್ಯಕ್ಷನ ಕಿವಿ ಕೆಂಪಾಯಿತು. ಅವಳು ಉಪಕಾರ ಮಾಡಲೆಂದು ಹೇಳಿದ್ದಲ್ಲ, ಅನ್ನದ ಹೆಚ್ಚುಗಾರಿಕೆ ಹೇಳಿಕೊಂಡದ್ದು. ಯಾರ ಬಾಯಿಂದ ಬಂದರೇನು, ನಾನು ಒಳಗೇ ಸ್ತೋತ್ರ ಹೇಳಿಕೊಂಡೆ. ಹೇಳಿಕೊಂಡದ್ದು ಸ್ವಲ್ಪ ಅವಸರವಾಯಿತು.

"ಅಕ್ಕಿ ಮಾತು ಬಿಡ್ರಿ," ಎಂದ ಅಧ್ಯಕ್ಷ. ಬಾಗಿಲ ಕಡೆ ತಿರುಗಿದ. "ಏನಬೇ, ಕಾಲು ತೊಳಿಸ್ಕೊಂಡಿಯೋ ಇಲ್ಲೋ?"

"ತೊಳದ್ರು. ಏನ ಮಾಡ್ಲಿ, ಒದೀಲೇನು?"

"ಆ ಪ್ರಾರ್ಥನಾ ಗೀರ್ಥನಾ ನಿನ್ನ ಅಂಗಳದಾಗ ಬಂದ್ ಆಗಬೇಕು. ಇವರು ಬರೂದೂ ಬಂದ್. ಹಂಗಾದ್ರ ನಾಳಿಂದ ಒಲಿ ಹಚ್ಚು."

ಅವಳು ನನ್ನ ಕಡೆ ನೋಡಲಿಲ್ಲ. "ಆತ್ರಿ" ಎಂದಳು.

ಅಷ್ಟೇ. ಒಂದು ಗಳಿಗೆ ತಡೆದು ಹೇಳಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಬಿಸಿಲೆನ್ನದೆ ಹೋಗಿ ಕೂತ ಅಂಗಳ, ಆ ಹೆಂಗಸರಿಗೆ ಒಂದೊಂದೇ ಸಾಲು ಹೇಳಿಕೊಟ್ಟ ಪದಗಳು, ಎಲ್ಲ ಆ ಒಂದು ಮಾತಿನಲ್ಲಿ ಗುಡಿಸಿ ಹೋಯಿತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಅತ್ತು ಹೋದ ಆ ಹುಡುಗಿಯ ಮೇಲೆ, ಬಾರದೆ ಉಳಿದ ಪಾಸ್ಟರರ ಮೇಲೆ, ಮೀಸೆಯಲ್ಲಿ ನಗುತ್ತಿದ್ದ ಅಧ್ಯಕ್ಷನ ಮೇಲೆ.

"ಮೇಡಂ, ನಿಮಗ ಕೇಳಿಸ್ತೋ ಇಲ್ಲೋ?" ಎಂದ ಅಧ್ಯಕ್ಷ.

"ಕಿವಿ ಅದಾವ್ರಿ. ಆಕಿ ತನ್ನ ಮನ್ಯಾಗ ಒಬ್ಬಾಕಿನ ಕಣ್ಣು ಮುಚ್ಚಿ ಕೂತ್ರ ಅದಕ್ಕೂ ಮೀಟಿಂಗ್ ಕರೀತೀರೇನು?"

ಹೆಡ್ ಮಾಸ್ತರರು ನೆಲ ನೋಡುತ್ತ, "ಮನಿ ಒಳಗಿನ ಸುದ್ದಿ ಸಾಲಿಗ್ಯಾಕ್ರಿ" ಎಂದರು. ಅಷ್ಟಾದರೂ ಅಂದರು.

ಬಸ್ಸಿನ ಕಟ್ಟೆಯವರೆಗೆ ಅವಳು ಜೊತೆಗೆ ಬಂದಳು.

"ಸಿಟ್ಟಾದ್ರೇನ್ರಿ ಅಕ್ಕಾರ?"

"ಸಿಟ್ಟು ಐತಿ."

"ನನ್ನ ಮ್ಯಾಲೇನ್ರಿ?"

"ನಿನ್ನ ಮ್ಯಾಲೂ ಒಂದೀಟು."

"ಒಂದೀಟು ಆದ್ರ ಇರ್ಲಿ ಬಿಡ್ರಿ." ಬಸ್ಸು ಬಂತೇನೋ ಎಂದು ರಸ್ತೆಗೆ ಇಣುಕಿದಳು. "ಒಲಿ ಬಿಟ್ರ ಮಕ್ಕಳನ್ನ ಎಲ್ಲಿಗಿ ಒಯ್ಲಿರಿ? ನಿಮ್ಮ ದೇವ್ರಿಗಿ ನೀವ ಹೇಳ್ರಿ, ತಪ್ಪು ತಿಳೀಬ್ಯಾಡ ಅಂತ."

"ನಿನಗ ಬಾಯಿಲ್ಲೇನು? ನೀನ ಹೇಳು."

"ಹೇಳ್ತೀನಿ ಬಿಡ್ರಿ, ಒಲಿ ಮುಂದ ಕೂತು," ಎಂದಳು. ಬಸ್ಸು ಬಂತು. ನಿಂತುಕೊಂಡೇ ಬಂದೆ. ತಾವರಗೇರಾದಲ್ಲಿ ಜನ ಇಳಿದ ಮೇಲೆ ಸೀಟು ಸಿಕ್ಕಿತು.

ಮನೆಗೆ ಬಂದು ಮುಖ ತೊಳೆಯುವುದರೊಳಗೆ ಪಾಸ್ಟರರ ಫೋನು. ಏನಾಯಿತು ಎಂದು ಕೇಳಬಹುದೆಂದುಕೊಂಡೆ. ಬಣ್ಣ ಹಚ್ಚಿದ ಗೋಡೆಯ ಮುಂದೆ ಮಕ್ಕಳನ್ನೂ ಆ ಹೆಂಗಸನ್ನೂ ನಿಲ್ಲಿಸಿ ಒಂದು ಫೋಟೋ ಬೇಕಂತೆ, ಕೊರಿಯಾಕ್ಕೆ ಕಳಿಸಲು. ಹಣೆ ಖಾಲಿ ಇರಬೇಕಂತೆ.

"ಆಕಿ ಹಣಿ ಹಿಂಗ ಇರಬೇಕು ಅನ್ನಾಕ ನೀವ್ಯಾರ್ರಿ? ಫೋಟೋ ಬೇಕಾದ್ರ ನೀವ ಹೋಗಿ ತಗೀರಿ. ಗಂಗಾವತಿಯಿಂದ ನೇರ ಬಸ್ಸು ಐತಿ."

"ಸಹೋದರಿ, ನಿಮ್ಮ ಮಾತಿನ್ಯಾಗ ದೀನತೆ ಕಡಿಮಿ ಆಗೈತಿ."

"ಹೌದ್ರಿ. ಅದಕ್ಕೂ ಪ್ರಾರ್ಥನೆ ಮಾಡ್ರಿ."

ಫೋನಿಟ್ಟೆ. ಅವಳು ನಾಳೆ ಒಲೆ ಹಚ್ಚುತ್ತಾಳೆ. ಮಕ್ಕಳು ಉಣ್ಣುತ್ತಾರೆ, ಅವಳವೂ, ಅಧ್ಯಕ್ಷನವೂ. ಇದಕ್ಕೆ ಸ್ತೋತ್ರ ಹೇಳಲೇಬೇಕು, ಹೇಳಿದೆ; ಹಲ್ಲು ಕಚ್ಚಿಕೊಂಡು ಹೇಳಿದೆ, ದೇವರು ಹಾಗೆಯೇ ತೆಗೆದುಕೊಳ್ಳಲಿ. ಬೆಳಿಗ್ಗೆ ಅತ್ತೆಯವರು ಇಡ್ಲಿಗೆ ನೆನೆಹಾಕಿದ್ದ ಉದ್ದಿನಬೇಳೆ ಉಬ್ಬಿ ಕೂತಿತ್ತು. ಕರೆಂಟು ಹೋಗುವುದರೊಳಗೆ ರುಬ್ಬಬೇಕೆಂದು ನೀರು ಬಸಿದು ಗ್ರೈಂಡರಿಗೆ ಹಾಕಿದೆ.