ಹದಿನೈದರ ಟ್ಯೂಬು

ಆಗ ನನಗೆ ಐವತ್ತೆರಡು. ಹದಿನೈದು ವರ್ಷದ ಹಿಂದಿನ ಮಾತು. ಮೊನ್ನೆ ಗಂಗಾವತಿಯಿಂದ ಬಂದ ಮೊಮ್ಮಗಳು ಬಾಗಿಲ ಕಟ್ಟೆಯ ಮೇಲೆ ಕೂತು ಒಂದು ಟ್ಯೂಬಿನ ಮುಚ್ಚಳ ತೆಗೆದಳು. ತೆಂಗಿನ ಹಾಲಿಗೆ ಸೋಪಿನ ನೀರು ಬೆರೆಸಿದಂಥ ವಾಸನೆ. ಮೂಗಿಗೆ ಬಡಿಯುತ್ತಲೇ ಬಾಜೂ ಮನೆಯ ಹುಡುಗಿ ನೆನಪಾದಳು. ಸತ್ತು ಬಹಳ ದಿನವಾಯಿತು.

ಅವಳ ತಾಯಿ ಸಾಣಾಪುರದ ಕೆರೆಯ ಹತ್ತಿರ, ಪ್ರವಾಸಿಗರು ಇಳಿದುಕೊಳ್ಳುವ ರೂಮುಗಳನ್ನು ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಗದ್ದೆ ಕೆಲಸಕ್ಕೆ. ಅವಳಿಗೆ ಒಬ್ಬಳೇ ಮಗಳು. ಹುಟ್ಟುವಾಗಲೇ ಹಾಲಿನಷ್ಟು ಬಿಳುಪು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಗೋವಿನಜೋಳದ ತೆನೆಯ ಎಳೆಯ ಬಣ್ಣ. ಬಿಸಿಲಿನಲ್ಲಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಹೊರಗೆ ನಿಂತರೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತಿದ್ದವು. ಇದು ಹುಟ್ಟಿನಿಂದ ಬಂದದ್ದು, ಇದಕ್ಕೆ ಔಷಧಿ ಇಲ್ಲ, ಬಿಸಿಲು ತಾಗದಂತೆ ನೋಡಿಕೊಳ್ಳಿ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ನಮ್ಮ ಕಡೆ ಬಿಸಿಲು ತಾಗದಂತೆ ಎಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂಡಬೇಕು, ಅಷ್ಟೇ.

ಊರಿಗೆ ಬಾಯಿ ಇದೆ. ತಾಯಿ ಫಾರಿನ್ನಿನವರ ಹಾಸಿಗೆ ಝಾಡಿಸುವವಳು, ಮಗಳು ನೋಡಿದರೆ ಬೆಳ್ಳಗೆ... ಏನೇನು ಆಡಿಕೊಂಡರೆಂದು ಹೇಳುವುದು ಬೇಡ. ಹುಡುಗಿಯ ಅಪ್ಪನ ಸೋದರತ್ತೆಯೂ ಹೀಗೇ ಬಿಳುಪಾಗಿ ಇದ್ದಳೆಂದು ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೇ ಹೆಚ್ಚು ಆಡಿದರು. ಹುಡುಗಿ ಬಾಯಿಸತ್ತವಳಲ್ಲ. ಒಂದು ಸಂಜೆ ಹನುಮನಹಳ್ಳಿಯಲ್ಲಿ, ಬೆಟ್ಟ ಹತ್ತಲು ಬಂದವನೊಬ್ಬ ಇವಳನ್ನು ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದ. "ಯಪ್ಪಾ, ನಾ ಸಾಣಾಪುರದಾಕಿ ಅದೀನಿ. ಕನ್ನಡ ಬರ್ತಿದ್ರ ಮಾತಾಡ್ರಿ, ಇಲ್ಲಂದ್ರ ಸುಮ್ನ ಗುಡ್ಡ ಹತ್ತ್ರಿ," ಅಂದಳು.

ಚಳಿಗಾಲಕ್ಕೆ ಬಂದ ಫಾರಿನ್ನಿನವರು ರೂಮು ಬಿಡುವಾಗ ಅರ್ಧ ಉಳಿದ ಟ್ಯೂಬು, ಬಾಟಲಿಗಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮಾಲಕ ಕಸಕ್ಕೆ ಹಾಕು ಅನ್ನುತ್ತಿದ್ದ. ಹುಡುಗಿಯ ತಾಯಿ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಕೆರೆಗೆ ಹೋಗುವ ಮುಂಚೆ ಅವರು ಮೈಗೆಲ್ಲ ಬಳಿದುಕೊಳ್ಳುವುದನ್ನು ನೋಡಿ, ಇದು ಬಿಸಿಲಿಗೆ ಹಚ್ಚುವ ಕ್ರೀಮು ಎಂದು ತಿಳಿದುಕೊಂಡಿದ್ದಳು. ಹಚ್ಚಿದ ದಿನ ಹುಡುಗಿಯ ಮುಖ ಅಷ್ಟು ಸುಡಲಿಲ್ಲ. ಅಂದಿನಿಂದ ಆ ಬಾಟಲಿಗಳು ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತವು.

ಒಂದೊಂದರ ಮೇಲೂ ಒಂದು ಅಂಕಿ ದಪ್ಪಗೆ ಇರುತ್ತಿತ್ತು. ನನಗೆ ಬರುವುದು ಕನ್ನಡದ ನಾಲ್ಕು ಅಕ್ಷರ. ಅವಳ ತಾಯಿಗೆ ಅದೂ ಇಲ್ಲ. ಅಂಕಿ ಮಾತ್ರ ಮೊಬೈಲಿನಿಂದ ಇಬ್ಬರಿಗೂ ಬರುತ್ತಿತ್ತು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಎಲ್ಲವನ್ನೂ ಸುರಿದುಕೊಂಡು ಹಂಚಲು ಕೂತಳು.

"ಐವತ್ತಂದ್ರ ಐವತ್ತ ವರ್ಸ ಆದವ್ರದು. ಇದು ನಿನಗ ಯಕ್ಕಾ," ಎಂದು ದೊಡ್ಡ ಟ್ಯೂಬನ್ನು ನನ್ನ ಉಡಿಗೆ ಹಾಕಿದಳು.

"ನಾ ಏನ ಮುದುಕಿ ಆದ್ನೇನ?"

"ಮತ್ತೇನ ಮದಲಗಿತ್ತಿ ಆಗಾಕಿ ಅದಿಯೇನ? ಸುಮ್ನ ಹಚ್ಕೋ."

ಮೂವತ್ತರದನ್ನು ತಾನು ಇಟ್ಟುಕೊಂಡಳು. ಹದಿನೈದರದು ಮಗಳಿಗೆ. ಹುಡುಗಿಗೆ ಆಗ ಹದಿನಾಲ್ಕು. "ನನಗ ಇನ್ನಾ ಒಂದ ವರ್ಸ ಕಮ್ಮಿ ಐತಿ. ನಡೀತೈತೇನ ಬೇ?" ಎಂದು ಟ್ಯೂಬನ್ನು ತಿರುಗಿಸಿ ನೋಡಿದಳು. "ನಡೀತೈತಿ ತಗೋ, ಮುಂದಿನ ವರ್ಸಕ್ಕ ಸರಿ ಆಕ್ಕೈತಿ," ಅಂದಳು ತಾಯಿ.

ನಮಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ಸಾಲೆಯ ಅಂಗಿಗೆ ವಯಸ್ಸಿನ ಅಂಕಿ, ಮಕ್ಕಳ ಔಷಧಿಗೆ ವಯಸ್ಸಿನ ಲೆಕ್ಕ. ದೊಡ್ಡವರ ಗುಳಿಗೆ ಕೂಸಿಗೆ ಕೊಡುತ್ತಾರೆಯೇ? ಹದಿನೈದರದು ಸಿಗದ ದಿನ ಅವಳು ಮಗಳಿಗೆ ಮೂವತ್ತರದನ್ನೂ ಮುಟ್ಟಗೊಡುತ್ತಿರಲಿಲ್ಲ. "ಎಳೀ ಚರ್ಮ, ಸುಟ್ಟ ಹೋದೀತು" ಅನ್ನುತ್ತಿದ್ದಳು.

ನಾನು ಐವತ್ತರದನ್ನು ಬಳಿದುಕೊಂಡು ಭತ್ತದ ನಾಟಿಗೆ ಹೋಗುತ್ತಿದ್ದೆ. ನೀರಲ್ಲಿ ಬಗ್ಗಿ ನಿಂತರೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಸುಣ್ಣ ಬಳಿದ ಗೋಡೆಯಂತಿದ್ದ ನನ್ನ ಮುಖ ನೋಡಿ ಜೊತೆಯವರು, "ಏನಬೇ, ನಾಟಕದಾಗ ಪಾರ್ಟ್ ಸಿಕ್ಕೈತೇನ?" ಎಂದು ನಗುತ್ತಿದ್ದರು. ನನ್ನದು ಎಮ್ಮೆ ಚರ್ಮ. ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಉಳಿದದ್ದನ್ನು ಒಡೆದ ಹಿಮ್ಮಡಿಗೆ ಹಚ್ಚಿ ಮುಗಿಸಿದೆ.

ಆಮೇಲೆ, ಪರವಾನಗಿ ಇಲ್ಲವೆಂದು ಸರಕಾರದವರು ಅಂದದ್ದಕ್ಕೆ, ರೂಮುಗಳು ಬಾಗಿಲು ಹಾಕಿದವು. ಫಾರಿನ್ನಿನವರು ಬರುವುದು ನಿಂತಿತು. ತಾಯಿ ಮಗಳು ಅಂಗಡಿಯಲ್ಲಿ ಸಿಗುವ ಅಗ್ಗದ್ದನ್ನೆಲ್ಲ ಹಚ್ಚಿ ನೋಡಿದರು. ಪೌಡರು, ಮುಲ್ತಾನಿ ಮಣ್ಣು, ದವಾಖಾನೆಯಲ್ಲಿ ಕೊಡುವ ಗುಲಾಬಿ ಬಣ್ಣದ ನೀರು... ಚೀಟಿಯ ಮೇಲೆ ಸೂರ್ಯನ ಚಿತ್ರ ಇದ್ದ ಒಂದು ಕ್ರೀಮನ್ನು ಅಂಗಡಿಯವನು ಕೈಗೆ ಕೊಟ್ಟು, "ಇದನ್ನ ಹಚ್ಚಿದ್ರ ಮಸ್ತ್ ಬೆಳ್ಳಗ ಆಕ್ಕಾರ ನೋಡ್ರಿ" ಅಂದ. ಹುಡುಗಿ ತಲೆಯ ಮೇಲಿನ ಸೆರಗು ಸರಿಸಿದಳು. "ಇನ್ನಾ ಎಷ್ಟ ಬೆಳ್ಳಗ ಆಗ್ಲಿ ಮಾಮಾ? ಆರಪಾರ ಕಾಣಬೇಕೇನ?" ಅಂದಳು. ಅಂಗಡಿಯವನೂ ನಕ್ಕ, ನಾವೂ ನಕ್ಕೆವು. ಆ ಕ್ರೀಮನ್ನೂ ಕೊಂಡೆವು. ಅದರಿಂದ ಏನೂ ಆಗಲಿಲ್ಲ.

ಇಪ್ಪತ್ತು ದಾಟಿದ ಮೇಲೆ ಅವಳ ಕಿವಿಯ ತುದಿಯಲ್ಲಿ ಒಂದು ಹುಣ್ಣು ಎದ್ದಿತು. ಒಣಗುವುದು, ಹಕ್ಕಳೆ ಬೀಳುವುದು, ಮತ್ತೆ ಏಳುವುದು. ಬೆಂಡೋಲೆ ತಾಗಿರಬೇಕು ಎಂದುಕೊಂಡು ಅರಿಸಿನ ಹಚ್ಚಿದರು. ಬೆಂಡೋಲೆ ತೆಗೆದಿಟ್ಟರೂ ಹುಣ್ಣು ಹೋಗಲಿಲ್ಲ. ಕುತ್ತಿಗೆಯಲ್ಲಿ ಗಂಟು ಬಂದ ಮೇಲೆ ಹುಬ್ಬಳ್ಳಿಗೆ ಒಯ್ದೆವು. ನಾನೂ ಹೋಗಿದ್ದೆ. ಕ್ಯಾನ್ಸರ್ ಅಂದರು, ಕಿವಿ ಕೊಯ್ದರು. ಗಂಟು ಮಾತ್ರ ಕೈ ಮೀರಿತ್ತು. "ಇಂಥವರನ್ನ ಬಿಸಿಲಿಗೆ ಬಿಡಬಾರದಿತ್ತಮ್ಮ," ಅಂದ ಡಾಕ್ಟರು.

"ಬಿಸಲ ಇಲ್ಲದ ಊರು ಯಾವ್ದೈತ್ರಿ ಸಾಹೇಬ್ರ? ಹೇಳ್ರಿ, ಅಲ್ಲೇ ಹೊಕ್ಕೀವಿ," ಅಂದಳು ತಾಯಿ. ಅವನು ಮುಂದಿನವರನ್ನು ಕರೆದ.

ಬೇಸಿಗೆಯಲ್ಲಿ ಸತ್ತಳು. ಮಣ್ಣಿಗೆ ಒಯ್ಯುವುದು ನಡುಮಧ್ಯಾಹ್ನವಾಯಿತು. ಕುಣಿಯ ತನಕ ತಾಯಿ ತನ್ನ ಸೆರಗನ್ನು ಆ ಮುಖದ ಮೇಲೆ ನೆರಳಾಗಿ ಹಿಡಿದುಕೊಂಡೇ ನಡೆದಳು.

ಈಗ ರೂಮುಗಳು ಮತ್ತೆ ತೆರೆದಿವೆ. ಅವಳು ಮತ್ತೆ ಗುಡಿಸಲು ಹೋಗುತ್ತಾಳೆ. ದಿನಾ ಬೆಳಿಗ್ಗೆ ನಾನು ಅವಳ ಮನೆಯಲ್ಲಿ ಚಹಾ ಕುಡಿಯುತ್ತೇನೆ. ಮಗಳ ಮಾತು ಬಂದರೆ ಅವಳು ಹೇಳುವುದು ಒಂದೇ. "ನನ್ನ ಕಡಿಂದ ಏನೂ ತಪ್ಪಲಿಲ್ಲ ಯಕ್ಕಾ. ಟ್ಯೂಬ ಇರೂ ತನಕ ಹದಿನೈದರದ ಬಿಟ್ಟ ಬ್ಯಾರೆ ಮುಟ್ಟಗೊಡಲಿಲ್ಲ." ನಾನು ಹೂಂ ಅನ್ನುತ್ತೇನೆ. ಆ ಮಾತಿನ ಮೇಲೆಯೇ ಅವಳು ನಿಂತಿದ್ದಾಳೆ.

ಮೊನ್ನೆ ಮೊಮ್ಮಗಳ ಟ್ಯೂಬಿನ ಮೇಲೆಯೂ ಅಂಕಿ ಕಂಡಿತು. "ನಿನಗ ಹತ್ತೊಂಬತ್ತು. ಐವತ್ತರದ ಯಾಕ ಹಚ್ಚಾಕತ್ತಿ?" ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯ ಅಮ್ಮ, ಅದು ವಯಸ್ಸಲ್ಲ ಬೇ. ಬಿಸಲ ತಡಿಯೋ ತಾಕತ್ತು. ಅಂಕಿ ದೊಡ್ಡದಿದ್ದಷ್ಟೂ ಛಲೋ."

"ಸಣ್ಣವ್ರಿಗೆ?"

"ಅವ್ರಿಗೂ ದೊಡ್ಡದ ಛಲೋ," ಎಂದು ನಗುತ್ತಲೇ ಒಂದಿಷ್ಟನ್ನು ನನ್ನ ಗಲ್ಲಕ್ಕೆ, ಕುತ್ತಿಗೆಗೆ ಸವರಿದಳು.

ಐವತ್ತರದು ಹಚ್ಚಿದ್ದರೆ ಉಳಿಯುತ್ತಿದ್ದಳೇ? ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ. ಬಾಟಲಿಗಳು ಹೇಗೂ ಮುಗಿದವು, ಬಿಸಿಲು ಮುಗಿಯಲಿಲ್ಲ. ಆದರೂ ನನ್ನ ಹಿಮ್ಮಡಿಗೆ ಹೋದದ್ದು ಆ ಹುಡುಗಿಯ ಕಿವಿಗೆ ಹೋಗಬೇಕಿತ್ತು. ಇದು ನನಗೆ ಗೊತ್ತಾಯಿತು. ಅವಳ ತಾಯಿಗೆ ಗೊತ್ತಾಗುವುದು ಬೇಡ...

ಮರುದಿನ ಬೆಳಿಗ್ಗೆ ಎದ್ದವಳೇ ಬಟ್ಟೆ ಸೋಪು ಹಾಕಿ ಮುಖ, ಕುತ್ತಿಗೆ ತೊಳೆದೆ. ಆ ವಾಸನೆ ಹೋಗುವ ತನಕ ಉಜ್ಜಿದೆ. ಆಮೇಲೆ ಬಾಜೂ ಮನೆಗೆ ಹೋಗಿ ಚಹಾ ಕುಡಿದು ಬಂದೆ.